ಬರ ಬಂದರೆ ಅಂಗಡಿಯವರಿಗೆ ಸಾಲ ಸಿಗುತ್ತಾ? ಪಾವಗಡದಿಂದ ಉತ್ತರ

ಅಮೆರಿಕದಲ್ಲಿ ಬರ ಬಿದ್ದರೆ ಸಣ್ಣ ವ್ಯಾಪಾರಿಗಳಿಗೂ ಸರ್ಕಾರವೇ ಸಾಲ ಕೊಡುತ್ತದೆ, ನಿಮ್ಮ ಕಡೆ ಹಾಗೇನಾದರೂ ಇದೆಯಾ ಅಂತ ಕೇಳಿದ್ದೀರಿ. ಬರದ ಹೆಸರಿನಲ್ಲಿ ಅಂಗಡಿಗೆ ಅಂತಲೇ ಕೊಡುವ ಸಾಲವನ್ನು ನಾನು ಇಲ್ಲಿ ಕಂಡಿಲ್ಲ. ಒಂದು ಸಣ್ಣ ದಾರಿ ಇದೆ, ಆದರೆ ಅದು ನಮ್ಮ ಪೇಟೆಯಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅದಕ್ಕೆ ಮೊದಲು ಇಲ್ಲಿನ ವ್ಯಾಪಾರ ಹೇಗೆ ನಡೆಯುತ್ತದೆ ಅಂತ ಹೇಳಬೇಕು.

ಪಾವಗಡ ಇರುವುದು ತುಮಕೂರು ಜಿಲ್ಲೆಯಲ್ಲಿ, ಆದರೆ ಸುತ್ತ ಬಹುಪಾಲು ಆಂಧ್ರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ಎರಡೂ. ಮಳೆ ನಂಬಿ ಹಾಕುವ ಬೆಳೆ ಕಡಲೆಕಾಯಿ. ನಮ್ಮದು ಬೀಜ, ಗೊಬ್ಬರದ ಅಂಗಡಿ, ಅಪ್ಪನ ಕಾಲದ್ದು. ಮುಂಗಾರಿಗೆ ಉದ್ದರಿ ಕೊಡುತ್ತೇವೆ, ಕಾಯಿ ಕಿತ್ತು ಮಾರಿದ ಮೇಲೆ ರೈತರು ತಂದು ಕೊಡುತ್ತಾರೆ. ಅದಕ್ಕೆ ಪತ್ರ ಇಲ್ಲ, ಸಹಿ ಇಲ್ಲ, ಒಂದು ಪುಸ್ತಕ ಅಷ್ಟೇ. ಕಾಯಿ ಸುಲಿಯುವ ಮಿಲ್ಲು, ಟ್ರ್ಯಾಕ್ಟರ್ ಬಾಡಿಗೆ, ಬಟ್ಟೆ ಅಂಗಡಿ, ಟೈಲರ್, ಬಸ್ ಸ್ಟ್ಯಾಂಡಿನ ಹೋಟೆಲ್ ಎಲ್ಲವೂ ಆ ಕಾಯಿಯ ದುಡ್ಡಿನ ಮೇಲೆಯೇ ನಿಂತಿವೆ.

2023ರಲ್ಲಿ ಮಳೆ ಕೈಕೊಟ್ಟಿತು. ಕರ್ನಾಟಕ ಸೆಪ್ಟೆಂಬರ್ 13ಕ್ಕೆ 195 ತಾಲೂಕುಗಳಲ್ಲಿ ಬರ ಅಂತ ಘೋಷಿಸಿತು, ಮುಂದೆ ಅದು 236ರಲ್ಲಿ 223 ತಾಲೂಕಾಯಿತು. ಆಂಧ್ರ 103 ಮಂಡಲಗಳನ್ನು (ಅಲ್ಲಿ ಜಿಲ್ಲೆಯ ಕೆಳಗಿನ ಆಡಳಿತ ಭಾಗ) ಘೋಷಿಸಿದ್ದು ಅಕ್ಟೋಬರ್ ಕೊನೆಗೆ. ಗಡಿಯ ಈಚೆ ಸೆಪ್ಟೆಂಬರ್‌ನಲ್ಲಿ ಬರ, ಆಚೆ ಒಂದೂವರೆ ತಿಂಗಳು ಬಿಟ್ಟು ಬರ. ನಮ್ಮ ಉದ್ದರಿ ಪುಸ್ತಕದಲ್ಲಿ ಎರಡೂ ಕಡೆಯವರ ಹೆಸರಿದೆ, ಇಬ್ಬರ ಹೊಲವೂ ಒಂದೇ ವಾರ ಒಣಗಿದ್ದು.

ಪರಿಹಾರ ಬರುವುದು ಜಮೀನಿನ ಲೆಕ್ಕದಲ್ಲಿ. ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದ ನಂಬರ್ ಇರಬೇಕು, ಪಹಣಿ ಇರಬೇಕು. ಮೊದಲು ರಾಜ್ಯ ಸರ್ಕಾರ ಒಬ್ಬ ರೈತನಿಗೆ 2,000 ರೂಪಾಯಿ ತನಕ ಹಾಕಿತು. ಕೇಂದ್ರದಿಂದ ರಾಜ್ಯ 18,171 ಕೋಟಿ ಕೇಳಿತ್ತು, ಕೊಡುತ್ತಿಲ್ಲ ಅಂತ ಸುಪ್ರೀಂ ಕೋರ್ಟಿಗೂ ಹೋಯಿತು, 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾಗಿದ್ದು 3,454 ಕೋಟಿ. ಆಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದೂ 2 ಹೆಕ್ಟೇರ್ ತನಕ ಮಾತ್ರ. ಅಂದರೆ ಎಕರೆಗೆ ಸುಮಾರು 3,400. ಕಡಲೆಕಾಯಿ ಬೀಜಕ್ಕೇ ಅದು ಸಾಲದು, ನಾನು ಮಾರುವವನು, ನನಗೆ ಗೊತ್ತು. ಹೊಲ ಗುತ್ತಿಗೆಗೆ ಮಾಡಿದವನಿಗೆ ಅದೂ ಸಿಗಲಿಲ್ಲ. ಪಹಣಿಯೇ ಇಲ್ಲದ ಟೈಲರ್, ಮಿಲ್ಲಿನ ಹಮಾಲಿ, ನನ್ನಂಥ ಅಂಗಡಿಯವನು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಪಾವಗಡದ ಸೋಲಾರ್ ಪಾರ್ಕಿನಿಂದ ದುಡ್ಡು ಬರುತ್ತದಲ್ವಾ ಅಂತ ನೀವು ಕೇಳಬಹುದು. ತಿರುಮಣಿ ಕಡೆ ಸುಮಾರು 13,000 ಎಕರೆಗೆ ಪ್ಯಾನಲ್ ಹಾಕಿದ್ದಾರೆ, ಎಕರೆಗೆ ವರ್ಷಕ್ಕೆ 21,000 ಅಂತ ಗುತ್ತಿಗೆ ಶುರುವಾಯಿತು. ಆ ಮನೆಗಳಿಗೆ ಒಳ್ಳೆಯದೇ ಆಯಿತು. ಆದರೆ ಆ ಹೊಲಕ್ಕೆ ಇನ್ನು ಬೀಜ ಬೇಡ, ಕೂಲಿಯವರು ಬೇಡ.

ಈಗ ಆ ಸಣ್ಣ ದಾರಿ. ನೈಸರ್ಗಿಕ ವಿಕೋಪ ಆದ ಕಡೆ ಬ್ಯಾಂಕುಗಳು ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಒಂದು ನಿರ್ದೇಶನ ಹೊರಡಿಸಿತು. ಬೆಳೆ ಹಾನಿ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆಳೆ ಸಾಲದ ಅವಧಿ ವಿಸ್ತರಿಸಬಹುದು ಅಂತ ಅದರಲ್ಲಿತ್ತು, ಇದು ಎಲ್ಲರಿಗೂ ಗೊತ್ತು. ಅದರಲ್ಲೇ ಇನ್ನೊಂದು ಮಾತಿತ್ತು: ಹಳ್ಳಿಯ ಕುಶಲಕರ್ಮಿಗಳು, ವ್ಯಾಪಾರಿಗಳು, ಸಣ್ಣ ಘಟಕಗಳ ಸಾಲವನ್ನೂ ಮುಂದೂಡಬೇಕಾ ಅಂತ ಬ್ಯಾಂಕರುಗಳ ಸಮಿತಿ ನೋಡಬಹುದು. ಕೊಡಲೇಬೇಕು ಅಂತ ಅಲ್ಲ, ನೋಡಬಹುದು ಅಂತ. ಅದೂ ಬರ ಬರುವ ಹೊತ್ತಿಗೆ ಕಂತು ಬಾಕಿ ಇಲ್ಲದ ಖಾತೆಗೆ.

ನಾನು ಅದನ್ನು ತಿಳಿದುಕೊಳ್ಳುವಷ್ಟರಲ್ಲಿ ತಡವಾಗಿತ್ತು. ಬೀಜ, ಗೊಬ್ಬರದ ಕಂಪನಿಯವರಿಗೆ ಕಟ್ಟಬೇಕಿದ್ದ ದುಡ್ಡು ಕಟ್ಟಲು ಕೈಸಾಲ ಮಾಡಿದೆ, ಬ್ಯಾಂಕಿನ ಮೂರು ಕಂತು ತಪ್ಪಿತು. ಬ್ಯಾಂಕಿನಲ್ಲಿ ಕೇಳಿದರೆ ಬರ ಅಂದರೆ ರೈತರಿಗೆ, ನಿಮಗಲ್ಲ ಅಂದರು. ಆ ಮಾತು ಇನ್ನೂ ನೋಯುತ್ತದೆ. ಅದಕ್ಕೆ ಈಗ ಇಲ್ಲಿ ಯಾರು ಕೇಳಿದರೂ ಹೇಳುತ್ತೇನೆ, ತಾಲೂಕು ಬರಪೀಡಿತ ಅಂತ ಆದೇಶ ಬಂದ ವಾರವೇ ಬ್ಯಾಂಕಿಗೆ ಹೋಗಿ ಅರ್ಜಿ ಕೊಡಿ, ಒಂದು ಪ್ರತಿ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಕೊಡಿ, ಎರಡಕ್ಕೂ ಸೀಲು ಹಾಕಿಸಿಕೊಳ್ಳಿ. ಮಾರಾಟದ ಬಿಲ್ಲು, ಜಿಎಸ್‌ಟಿ ಲೆಕ್ಕ ಇಟ್ಟಿರಿ. ಉದ್ದರಿ ಪುಸ್ತಕ ತೋರಿಸಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ.

ನಿಮ್ಮಲ್ಲಿನ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಸಾಲದ ಮೊತ್ತ ಅಲ್ಲ. ಅಲ್ಲಿ ಒಂದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಬರಪೀಡಿತ ಅಂತಾದರೆ ಅದಕ್ಕೆ ಅಂಟಿಕೊಂಡ ಕೌಂಟಿಗಳ ವ್ಯಾಪಾರಿಗಳೂ ಅರ್ಜಿ ಹಾಕಬಹುದು, ಪಕ್ಕದ ಕೌಂಟಿ ಬೇರೆ ರಾಜ್ಯದಲ್ಲಿದ್ದರೂ ಸರಿ. ಗಡಿಯಲ್ಲಿರುವ ನಮಗೆ ಬೇಕಾದದ್ದು ಅದೇ. ಆಂಧ್ರದ ಮಡಕಶಿರಾ ಕಡೆ ಬೆಳೆ ಹೋದರೆ ಪಾವಗಡದ ಅಂಗಡಿಯ ದುಡ್ಡೂ ಹೋಗುತ್ತದೆ. ಅಂಥ ಸಾಲ ಇಲ್ಲಿ ಸಿಕ್ಕಿದ್ದರೆ 2024ರ ಜೂನ್‌ಗೆ ನಾನು ಬೀಜದ ಮೂಟೆ ಇಳಿಸುತ್ತಿದ್ದೆ. ಆ ವರ್ಷ ಮಳೆ ಬಂತು, ನನ್ನ ಗೋಡೌನ್ ಅರ್ಧ ಖಾಲಿ ಇತ್ತು, ನಮ್ಮ ಕಾಯಂ ಗಿರಾಕಿಗಳು ಬೀಜಕ್ಕೆ ಆಂಧ್ರದ ಹಿಂದೂಪುರಕ್ಕೆ ಹೋದರು.