ಅವರ ಹಾಡು, ಇವರ ದನಿ

ಪ್ರಿಯ ಓದುಗರೇ,

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಹಳೇ ಸೋಲ್ ಹಾಡುಗಳ (ಸೋಲ್ ಅಂದರೆ ಅಮೆರಿಕದ ಕಪ್ಪು ಸಮುದಾಯದ ಸಂಗೀತ) ‘ಓನ್ಲಿ ದ ಸ್ಟ್ರಾಂಗ್ ಸರ್ವೈವ್’ ಆಲ್ಬಮ್ಮನ್ನು ಕಳೆದ ಸಂಚಿಕೆಯಲ್ಲಿ ನಾವು ಮೆಚ್ಚಿ ಬರೆದದ್ದು ನಿಮಗೆ ಹಿಡಿಸಿಲ್ಲ. ‘ಇಷ್ಟು ವರ್ಷ ಸ್ವಂತ ಹಾಡು ಬರೆದವರು ಈಗ ಹಳೇ ಸೋಲ್ ಹಾಡುಗಳಿಗೆ ಕೈ ಹಾಕಿದ್ದಾರೆ ಅಂದರೆ ಸರಕು ಮುಗಿದಿದೆ ಅಂತ ತಾನೇ? ಮೂಲ ಹಾಡುಗಳೇ ಸಿಗುವಾಗ ಇದನ್ನು ಯಾಕೆ ಕೇಳಬೇಕು?’ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಎರಡು ಸಾಲಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಸರಕು ಮುಗಿದಿರಲಿಲ್ಲ. ಈ ಆಲ್ಬಮ್ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೆ ಎರಡು ವರ್ಷ ಮೊದಲಷ್ಟೇ ಅವರು ತಾವೇ ಬರೆದ ಹಾಡುಗಳ ಆಲ್ಬಮ್ ಕೊಟ್ಟಿದ್ದರು. ಈ ಸಲ ಬರೀ ಹಾಡಬೇಕು ಅನ್ನಿಸಿತು ಎಂದು ಅವರೇ ಹೇಳಿದ್ದಾರೆ.

ಇನ್ನು ‘ಮೂಲ’ದ ಮಾತು. ಸೋಲ್ ಸಂಗೀತದಲ್ಲಿ ಅದನ್ನು ಹುಡುಕುವುದೇ ಕಷ್ಟ. ಇದೇ ಆಲ್ಬಮ್ಮಿನ ‘ಡೋಂಟ್ ಪ್ಲೇ ದಟ್ ಸಾಂಗ್’ ಅನ್ನು 1962ರಲ್ಲಿ ಬೆನ್ ಇ. ಕಿಂಗ್ ಹಾಡಿದರು, 1970ರಲ್ಲಿ ಅರೀಥಾ ಫ್ರಾಂಕ್ಲಿನ್ ಹಾಡಿದರು. ಕೊನೆಯ ಹಾಡು ‘ಸಮ್‌ಡೇ ವೀ ವಿಲ್ ಬಿ ಟುಗೆದರ್’ ಸುಪ್ರೀಮ್ಸ್ ತಂಡದ್ದು ಅಂತಲೇ ಎಲ್ಲರ ನೆನಪು. ಆದರೆ ಅವರು ಹಾಡಿದ್ದು 1969ರಲ್ಲಿ. 1961ರಲ್ಲೇ ಜಾನಿ ಬ್ರಿಸ್ಟಲ್ ಮತ್ತು ಜಾಕಿ ಬೀವರ್ಸ್ ಅದನ್ನು ಹಾಡಿದ್ದರು. ಸುಪ್ರೀಮ್ಸ್ ಹಾಡನ್ನು ಗಮನವಿಟ್ಟು ಕೇಳಿ: ಮುಖ್ಯ ಗಾಯಕಿ ಡಯಾನಾ ರಾಸ್ ದನಿಯ ಹಿಂದೆ ಒಬ್ಬ ಗಂಡಸು ಹುರಿದುಂಬಿಸುತ್ತಾ ಓಗೊಡುತ್ತಾನೆ. ಅದು ಬ್ರಿಸ್ಟಲ್ ಅವರೇ. ಮೊದಲು ಹಾಡಿದವರು ಎರಡನೆಯವರಿಗೆ ದನಿ ಸೇರಿಸಿದ್ದಾರೆ, ಎಷ್ಟು ಚೆಂದ ಅಲ್ವಾ?

ನನಗೆ ಜಾಸ್ತಿ ಕಾಡಿದ್ದು ‘ಐ ವಿಶ್ ಇಟ್ ವುಡ್ ರೈನ್’. ಪ್ರೇಯಸಿ ಬಿಟ್ಟುಹೋದವನು, ಅತ್ತದ್ದು ಯಾರಿಗೂ ಗೊತ್ತಾಗದಿರಲೆಂದು ಮಳೆ ಬರಲಿ ಅನ್ನುತ್ತಾನೆ. ಬರೆದವರಲ್ಲಿ ಒಬ್ಬರಾದ ರಾಜರ್ ಪೆಂಜಬೀನ್‌ಗೆ ಇದು ಸ್ವಂತ ಸಂಕಟವೇ ಆಗಿತ್ತು. ರೆಕಾರ್ಡ್ ಬಂದ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 31ರಂದು, ಅವರು ತಮ್ಮ ಜೀವ ತಾವೇ ಕಳೆದುಕೊಂಡರು. ಟೆಂಪ್ಟೇಷನ್ಸ್ ತಂಡಕ್ಕಾಗಿ ಅದನ್ನು ಹಾಡಿದ ಡೇವಿಡ್ ರಫಿನ್‌ಗೆ ಆಗ 26 ವರ್ಷ. ಆ ದನಿಯಲ್ಲಿ ಗಾಯ ಇನ್ನೂ ಹಸಿಯಾಗಿದೆ. ಸ್ಪ್ರಿಂಗ್‌ಸ್ಟೀನ್‌ಗೆ ಆಲ್ಬಮ್ ಬಂದಾಗ 73. ಅವರ ದಪ್ಪ ದನಿಯಲ್ಲಿ ಅದೇ ನೋವು ಬಹಳ ಕಾಲ ಹೊತ್ತು ತಿರುಗಿದ ನೋವಾಗುತ್ತದೆ. ರಫಿನ್ ಅವರ ಹಾಡು ಇದರಿಂದ ಸಣ್ಣದಾಗುವುದಿಲ್ಲ. ಆದರೆ ಈ ವಯಸ್ಸಿನ ದುಃಖ ಅದರಲ್ಲಿ ಇರಲಿಲ್ಲ. ನಿಮ್ಮ ‘ಯಾಕೆ ಕೇಳಬೇಕು’ ಅನ್ನುವುದಕ್ಕೆ ನನ್ನ ಉತ್ತರ ಇದೇ.

ಒಂದು ವಿಷಯದಲ್ಲಿ ನಿಮ್ಮ ಜೊತೆಗಿದ್ದೇನೆ. ವಾದ್ಯಗಳು ತೀರಾ ನೀಟಾಗಿವೆ ಎಂದಿದ್ದೀರಿ, ನಿಜ. ಬಹುಪಾಲು ವಾದ್ಯಗಳನ್ನು ನಿರ್ಮಾಪಕ ರಾನ್ ಆನಿಯೆಲ್ಲೊ ಒಬ್ಬರೇ ನುಡಿಸಿದ್ದಾರೆ. ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯ ಸ್ಟುಡಿಯೋದಲ್ಲಿ ಅಲ್ಲಿನ ಕಾಯಂ ವಾದ್ಯಗಾರರಾದ ಫಂಕ್ ಬ್ರದರ್ಸ್ ಒಂದೇ ಕೋಣೆಯಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡುತ್ತಾ ನುಡಿಸುತ್ತಿದ್ದರು. ಆ ತಳ್ಳಾಟ ಇಲ್ಲಿಲ್ಲ. ‘ಸೆವೆನ್ ರೂಮ್ಸ್ ಆಫ್ ಗ್ಲೂಮ್’ನಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಫೋರ್ ಟಾಪ್ಸ್ ತಂಡದ ಲೀವೈ ಸ್ಟಬ್ಸ್ ಅದನ್ನು ಹಾಡಿದಾಗ ಎದೆ ಹಿಂಡುತ್ತದೆ. ಇಲ್ಲಿ ಸುಮ್ನೆ ಸಾಗಿಹೋಗುತ್ತದೆ.

ಆದರೂ ‘ಐ ಫರ್ಗಾಟ್ ಟು ಬಿ ಯುವರ್ ಲವರ್’ ಅನ್ನು ಇನ್ನೊಮ್ಮೆ ಕೇಳಿ. ವಿಲಿಯಂ ಬೆಲ್ 1968ರಲ್ಲಿ ಹಾಡಿದ್ದು. ಇಲ್ಲಿ ಸ್ಪ್ರಿಂಗ್‌ಸ್ಟೀನ್ ಜೊತೆ ಸ್ಯಾಮ್ ಮೂರ್ ದನಿಗೂಡಿಸಿದ್ದಾರೆ, ‘ಸ್ಯಾಮ್ ಅಂಡ್ ಡೇವ್’ ಜೋಡಿಯ ಅದೇ ಸ್ಯಾಮ್. ಆಲ್ಬಮ್ ಬಂದಾಗ ಅವರಿಗೆ 87. 2025ರ ಜನವರಿಯಲ್ಲಿ ತೀರಿಕೊಂಡರು. ಮೊದಲು ಬೆಲ್ ಹಾಡಿದ್ದು ಕೇಳಿ, ಆಮೇಲೆ ಇದನ್ನು ಕೇಳಿ. ಆಗಲೂ ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ