ಹೆಂಡತಿ ಕೆಲಸಕ್ಕೆ ಹೋದರೆ ಗಂಡನ ಆತ್ಮಗೌರವ ಕುಗ್ಗುತ್ತದೆಯೇ?

ಇಲ್ಲ, ಹೆಂಡತಿ ಕೆಲಸಕ್ಕೆ ಹೋದಳು ಅಂದ ಮಾತ್ರಕ್ಕೆ ಗಂಡನ ಆತ್ಮಗೌರವವಾಗಲಿ, ಸಂಸಾರದ ಹೊಂದಾಣಿಕೆಯಾಗಲಿ ಕೆಡುವುದಿಲ್ಲ. ‘ಮನೆ ಸಾಕಬೇಕಾದವನು ನಾನೊಬ್ಬನೇ’ ಅಂತ ಅವನು ಗಟ್ಟಿಯಾಗಿ ನಂಬಿಕೊಂಡಿದ್ದರೆ ಪೆಟ್ಟು ಬೀಳುತ್ತದೆ.

1976ರಲ್ಲಿ ಬರ್ಕ್ ಮತ್ತು ವೀರ್ ಎಂಬ ಕೆನಡಾದ ಸಂಶೋಧಕರು, ದುಡಿಯುವ ಹೆಂಗಸರ ಗಂಡಂದಿರಲ್ಲಿ ನೆಮ್ಮದಿ ಕಡಿಮೆ ಎಂದರು. ಮರುವರ್ಷವೇ ಆಲನ್ ಬೂತ್ ಎಂಬ ಇನ್ನೊಬ್ಬ ಸಂಶೋಧಕರು ಹಾಗೇನೂ ಕಾಣಲಿಲ್ಲ ಎಂದರು. 1986ರಲ್ಲಿ ಅಮೆರಿಕದ ಸ್ಟೇನ್ಸ್ ಮತ್ತು ಸಂಗಡಿಗರಿಗೆ ಇದರ ಹಿಂದಿನ ಕಾರಣ ಸಿಕ್ಕಿತು: ಗಂಡನನ್ನು ಕುಗ್ಗಿಸುವುದು ‘ನನ್ನ ದುಡಿಮೆ ಮನೆಗೆ ಸಾಲದು’ ಎಂಬ ಭಾವನೆ. ಅದಕ್ಕೇ, ಸುಮ್ನೆ ಕೆಲಸ ಬಿಡಿಸಿ ಅನ್ನುವವರ ಮಾತು ಕೇಳಿದರೆ ನನಗೆ ಬೇಸರವಾಗುತ್ತದೆ.

ನಮ್ಮ ಕೊಡಗಿನಲ್ಲಿ ಇದು ಕಣ್ಣಿಗೆ ಕಾಣುವ ವಿಷಯ. ಕಾಫಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಕಣದಲ್ಲಿ ಒಣಗಿಸಿ ಮಾರಿದ ಮೇಲೆ. ಹೆಂಡತಿ ಟೀಚರ್ ಆಗಿದ್ದರೆ ಸಂಬಳ ತಿಂಗಳು ತಿಂಗಳು ಬರುತ್ತದೆ. ಮಳೆಗಾಲದಲ್ಲಿ ದಿನಸಿ, ಮಕ್ಕಳ ಫೀಸು, ಕೆಲವೊಮ್ಮೆ ತೋಟದ ಕೂಲಿಯೂ ಅದರಿಂದಲೇ. ತೋಟದ ಆದಾಯ ಜಾಸ್ತಿಯೇ ಇದ್ದರೂ ಜೂನ್‌ನಲ್ಲಿ ಗಂಡನ ಜೇಬು ಖಾಲಿ ಅಲ್ವಾ? ವಿರಾಜಪೇಟೆ ಕಡೆಯ ನನ್ನ ಗೆಳೆಯನೊಬ್ಬ ಅಂಗಡಿಯಲ್ಲಿ ಹೆಂಡತಿಯ ಕಾರ್ಡ್ ಹೊರತೆಗೆಯಲು ನಾಚುತ್ತಿದ್ದ. ತೋಟದ್ದು, ಸಂಬಳದ್ದು ಎರಡನ್ನೂ ಇಬ್ಬರೂ ಕೂತು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದ ಮೇಲೆ ಆ ನಾಚಿಕೆ ಹೋಯಿತು. ಈಗ ಅವಳು ಬೆಳಗಿನ ಬಸ್ಸು ಹಿಡಿಯುವ ಮುಂಚೆ ಅಕ್ಕಿರೊಟ್ಟಿ ತಟ್ಟಿ ಡಬ್ಬಿಗೆ ಹಾಕುವವನು ಅವನೇ.