ಮೂರು ಸೊನ್ನೆ ಬಿಟ್ಟುಹೋಗಿಲ್ಲ, ಸ್ವಾಮಿ

ನಮಸ್ಕಾರ. ಹೋದ ಸಂಚಿಕೆಯಲ್ಲಿ ಪುಟದ ಮೂಲೆ ಖಾಲಿ ಉಳಿದಿತ್ತು ಅಂತ ನಾಲ್ಕು ಸಾಲಿನ ಒಂದು ಸುದ್ದಿ ಹಾಕಿದ್ದೆವು. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಲವಿಂಗ್ ಅನ್ನುವ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಇದೆ, ಜನಸಂಖ್ಯೆ 64 ಅಂತ. ಅದಕ್ಕೆ ನೀವು ನಾಲ್ಕು ಪುಟದ ಕಾಗದ ಬರೆದಿದ್ದೀರಿ. 64ರ ಮುಂದೆ ಮೂರು ಸೊನ್ನೆ ನುಂಗಿದ್ದೀರಿ ಅಂತ ಬೈದಿದ್ದೀರಿ. 'ಪ್ರೀತಿಯ ಸೀಮೆ' ಅಂತ ತಲೆಬರಹ ಕೊಟ್ಟದ್ದು ಯಾವ ಆಧಾರದ ಮೇಲೆ ಅಂತ ಕೇಳಿದ್ದೀರಿ. ತಾಲ್ಲೂಕು ಆಗಬೇಕು ಅಂತ ಅರ್ಜಿ ಹಿಡಿದು ಓಡಾಡಿ ಚಪ್ಪಲಿ ಸವೆಸಿದವರಿಗೆ 64 ಜನಕ್ಕೊಂದು ಜಿಲ್ಲೆ ಅಂದರೆ ಹೊಟ್ಟೆ ಉರಿಯುವುದಿಲ್ವಾ ಅಂತಲೂ ಬರೆದಿದ್ದೀರಿ.

ಸೊನ್ನೆ ನುಂಗಿಲ್ಲ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ್ದೇ 64 ಜನ. 2010ರಲ್ಲಿ 82 ಇದ್ದರು. ಜಾಗ ಮಾತ್ರ ಸುಮಾರು 1,750 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು ಅಷ್ಟೆ. ಅಷ್ಟು ಜಾಗಕ್ಕೆ ಒಂದು ಮದುವೆ ದಿಬ್ಬಣದಷ್ಟು ಜನ!

ತಲೆಬರಹದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದೇ ಸರಿ. ಲವಿಂಗ್ ಅನ್ನುವುದು ಒಬ್ಬ ಮನುಷ್ಯನ ಮನೆತನದ ಹೆಸರು. ಪೂರ್ತಿ ಹೆಸರು ಆಲಿವರ್ ಲವಿಂಗ್, ದನದ ವ್ಯಾಪಾರಿ. ಅವನ ಪಾಲುದಾರನ ಹೆಸರು ಚಾರ್ಲ್ಸ್ ಗುಡ್‌ನೈಟ್. ತಮಾಷೆ ಅಲ್ಲ, ನಿಜಕ್ಕೂ ಅದೇ ಹೆಸರು. ಪುಣ್ಯಕ್ಕೆ ಅವನ ಹೆಸರಿನ ಕೌಂಟಿ ಇಲ್ಲ, ಇದ್ದಿದ್ದರೆ ನಮ್ಮ ಹುಡುಗರು ಅದಕ್ಕೆ 'ಶುಭರಾತ್ರಿ ಸೀಮೆ' ಅಂತ ಬರೆದುಬಿಡುತ್ತಿದ್ದರು.

ಈ ಇಬ್ಬರೂ 1866ರಲ್ಲಿ ಸುಮಾರು 2,000 ದನ ಹೊಡೆದುಕೊಂಡು, ಪೆಕೋಸ್ ನದಿಯ ದಡ ಹಿಡಿದು, ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್‌ಗೆ ಹೋದರು. ಅಲ್ಲಿ ಅಮೆರಿಕದ ಸೈನ್ಯ ನವಾಹೊ ಅನ್ನುವ ಮೂಲನಿವಾಸಿ ಬುಡಕಟ್ಟಿನ ಸಾವಿರಾರು ಜನರನ್ನು ಅವರ ನೆಲದಿಂದ ಎಬ್ಬಿಸಿ ತಂದು ಕೂಡಿಹಾಕಿತ್ತು. ಅವರಿಗೆ ಕೊಡಲು ಮಾಂಸ ಸಾಲದೆ ಸರ್ಕಾರವೇ ದನ ಕೊಳ್ಳುತ್ತಿತ್ತು. ವ್ಯಾಪಾರ ಕುದುರಿತು. ಮರುವರ್ಷ ಮತ್ತೆ ಹೊರಟಾಗ, ಮುಂದೆ ಹೋಗಿ ಬೆಲೆ ಮಾತಾಡಿಕೊಂಡು ಬರುತ್ತೇನೆ ಅಂತ ಲವಿಂಗ್ ಒಬ್ಬನೇ ಒಬ್ಬ ಜೊತೆಗಾರನನ್ನು ಕರೆದುಕೊಂಡು ಅವಸರ ಮಾಡಿದ. ದಾರಿಯಲ್ಲಿ ಕಮಾಂಚಿ ಅನ್ನುವ ಇನ್ನೊಂದು ಮೂಲನಿವಾಸಿ ಬುಡಕಟ್ಟಿನವರ ಕೈಗೆ ಸಿಕ್ಕಿ ಗುಂಡೇಟು ತಿಂದ. ಹೇಗೋ ಫೋರ್ಟ್ ಸಮ್ನರ್ ಮುಟ್ಟಿದರೂ ಗಾಯ ಕೊಳೆತು 1867ರ ಸೆಪ್ಟೆಂಬರ್ 25ರಂದು ಸತ್ತ.

ನನ್ನನ್ನು ಪರದೇಶದ ಮಣ್ಣಿನಲ್ಲಿ ಬಿಡಬೇಡ ಅಂತ ಗುಡ್‌ನೈಟ್‌ನಿಂದ ಮಾತು ತೆಗೆದುಕೊಂಡಿದ್ದ. ಗುಡ್‌ನೈಟ್ ಮಾತಿಗೆ ತಪ್ಪಲಿಲ್ಲ. ಹೂತಿದ್ದ ಹೆಣವನ್ನು ತೆಗೆಸಿದ. ಕೋಟೆಯ ಸುತ್ತ ಬಿದ್ದಿದ್ದ ಎಣ್ಣೆ ಡಬ್ಬಗಳನ್ನು ಅವನ ದನ ಹೊಡೆಯುವ ಹುಡುಗರು ಬಡಿದು ಚಪ್ಪಟೆ ಮಾಡಿ, ಬೆಸೆದು, ದೊಡ್ಡದೊಂದು ತಗಡಿನ ಪೆಟ್ಟಿಗೆ ಮಾಡಿದರು. ಮರದ ಶವಪೆಟ್ಟಿಗೆಯನ್ನು ಅದರೊಳಗಿಟ್ಟು, ಸುತ್ತ ಇದ್ದಿಲ ಪುಡಿ ತುಂಬಿ ಮುಚ್ಚಿ, ಗಾಡಿಯಲ್ಲಿ ನೂರಾರು ಮೈಲಿ ಸಾಗಿಸಿ ಟೆಕ್ಸಾಸ್‌ನ ವೆದರ್‌ಫೋರ್ಡ್‌ನಲ್ಲಿ ಮಣ್ಣು ಮಾಡಿದರು. ಲವಿಂಗ್ ಕೌಂಟಿಯಲ್ಲಿ ಆತ ಹುಟ್ಟಿದವನಲ್ಲ, ಸತ್ತವನಲ್ಲ, ಮನೆ ಕಟ್ಟಿದವನೂ ಅಲ್ಲ. ದನದ ಹಿಂದೆ ಆ ದಾರಿಯಲ್ಲಿ ಹಾದುಹೋದದ್ದಷ್ಟೇ ಅವನ ನಂಟು. ಗೆಳೆಯನ ಹೆಣಕ್ಕಾಗಿ ಗುಡ್‌ನೈಟ್ ಪಟ್ಟ ಪಾಡು ನೋಡಿದರೆ ನಮ್ಮ ತಲೆಬರಹದಲ್ಲಿ ಪ್ರೀತಿ ಪೂರ್ತಿ ಸುಳ್ಳಲ್ಲ, ಆದರೆ ಇದು ಜಾಣತನದ ಸಮಜಾಯಿಷಿ ಆಯಿತು, ಬಿಡಿ.

ಈಗ 64 ಜನಕ್ಕೆ ಕೌಂಟಿ ಹೇಗೆ ಸಿಕ್ಕಿತು ಅನ್ನುವ ಮಾತು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಟೆಕ್ಸಾಸ್‌ನಲ್ಲಿ ಅಂಥವು 254 ಇವೆ. ಆದರೆ ಡಿಸಿಯನ್ನು ನಮಗೆ ಸರ್ಕಾರ ಕಳಿಸುತ್ತದೆ, ಅಲ್ಲಿ ಕೌಂಟಿಯ ಮುಖ್ಯಸ್ಥನಿಂದ ಹಿಡಿದು ಪೊಲೀಸ್ ಮುಖ್ಯಸ್ಥ ಶೆರಿಫ್‌ವರೆಗೆ ಜನರೇ ವೋಟು ಹಾಕಿ ಆರಿಸುತ್ತಾರೆ. ಅದಕ್ಕೇ ಅಲ್ಲಿ ಕೌಂಟಿ ಎರಡು ಸಲ ಹುಟ್ಟಬೇಕಿತ್ತು. ಮೊದಲು ಶಾಸನಸಭೆ ನಕ್ಷೆಯ ಮೇಲೆ ಗೆರೆ ಎಳೆದು ಹೆಸರಿಡುತ್ತಿತ್ತು. ಆಮೇಲೆ ಸಾಕಷ್ಟು ಜನ ಸೇರಿದ ಮೇಲೆ ಅರ್ಜಿ, ಚುನಾವಣೆ, ಕಚೇರಿ. ಲವಿಂಗ್‌ಗೆ 1887ರಲ್ಲಿ ಟಾಮ್ ಗ್ರೀನ್ ಕೌಂಟಿಯಿಂದ ಗೆರೆ ಎಳೆದರು. 1890ರ ಜನಗಣತಿಯಲ್ಲಿ ಅಲ್ಲಿ ಎಷ್ಟು ಜನ ಇದ್ದರು ಗೊತ್ತೇ? ಮೂರು. ಆಡಳಿತಕ್ಕೆ ಪಕ್ಕದ ರೀವ್ಸ್ ಕೌಂಟಿಯನ್ನೇ ನೆಚ್ಚಿಕೊಂಡಿತ್ತು.

1893ರಲ್ಲಿ ಡೆನ್ವರ್‌ನ ಕೆಲವರು ಒಂದು ಕಂಪನಿ ಕಟ್ಟಿ ಬಂದರು. ಪೆಕೋಸ್‌ನಿಂದ ಕಾಲುವೆ ತೆಗೆದು ನೀರಾವರಿ ಮಾಡುತ್ತೇವೆ ಅಂದರು, ಮೆಂಟೋನ್ ಅಂತ ಊರೊಂದನ್ನು ಎಬ್ಬಿಸಿದರು, ಮತದಾರರದ್ದು ಅಂತ 150 ಸಹಿ ಇರುವ ಅರ್ಜಿ ಕೊಟ್ಟು ಕೌಂಟಿ ಶುರು ಮಾಡಿಸಿಯೇಬಿಟ್ಟರು. ಮೂರು ಜನರಿದ್ದ ಜಾಗದಲ್ಲಿ ಮೂರೇ ವರ್ಷಕ್ಕೆ 150 ಸಹಿ! ಅರ್ಜಿಗೆ ಸಹಿ ಹಾಕಿಸಿ ಪಳಗಿದ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಕೈಕೊಟ್ಟಿತು, ಕೌಂಟಿ ನಡೆಸುತ್ತಿದ್ದವರು ಊರು ಬಿಟ್ಟರು. 1897ರಲ್ಲಿ ಶಾಸನಸಭೆ ಆ ಆಡಳಿತವನ್ನೇ ರದ್ದು ಮಾಡಿ ಮತ್ತೆ ರೀವ್ಸ್‌ಗೆ ಸೇರಿಸಿತು. 1900ರಲ್ಲಿ ಅಲ್ಲಿ ಇದ್ದದ್ದು 33 ಜನ.

1921ರಲ್ಲಿ ನೆಲದಡಿ ಕಚ್ಚಾ ಎಣ್ಣೆ ಸಿಕ್ಕಿತು. ಅದಿಲ್ಲದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೂಲಿಯವರು ಬಂದರು, ರಾಮ್ಸಿ ಅಂತ ಊರಾಯಿತು, 1931ರಲ್ಲಿ ಕೌಂಟಿ ಎರಡನೇ ಸಲ ಶುರುವಾಯಿತು. ಟೆಕ್ಸಾಸ್‌ನಲ್ಲಿ ಹೀಗೆ ಎರಡು ಸಲ ಶುರುವಾದ ಕೌಂಟಿ ಇದೊಂದೇ. ರಾಮ್ಸಿ ಹೆಸರು ಬದಲಾಗಿ, ಸತ್ತುಹೋಗಿದ್ದ ಮೆಂಟೋನ್ ಅನ್ನುವ ಹೆಸರೇ ಮತ್ತೆ ಬಂತು. 1935ರಲ್ಲಿ ಕಟ್ಟಿದ ಕೋರ್ಟು ಕಟ್ಟಡ ಇವತ್ತಿಗೂ ಕೆಲಸದಲ್ಲಿದೆ. 1940ರಲ್ಲಿ ಜನ 285ಕ್ಕೆ ಏರಿದ್ದರು, ಜನಗಣತಿಯ ಲೆಕ್ಕದಲ್ಲಿ ಅದೇ ಜಾಸ್ತಿ. ಆಮೇಲೆ ಇಳಿಯುತ್ತಾ ಬಂತು.

ಆದ್ದರಿಂದ ಹೊಟ್ಟೆ ಉರಿಸಿಕೊಳ್ಳಬೇಡಿ. 64 ಜನಕ್ಕೆ ಅಂತ ಯಾರೂ ಕೌಂಟಿ ಕೊಡಲಿಲ್ಲ. ಗೆರೆ ಮತ್ತು ಹೆಸರು ಮೊದಲು ಬಂದವು, ಜನ ಆಮೇಲೆ ಬಂದು ಹೋದರು. ಇನ್ನೊಂದು ವಿಷಯ, ಇದಕ್ಕೂ ನೀವು ಕಾಗದ ಬರೆಯುತ್ತೀರಿ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಆ ಕೌಂಟಿಯಲ್ಲಿ ಬಿದ್ದ ಮತ 66. ಜನಗಣತಿಯ ತಲೆಗಿಂತ ಎರಡು ಜಾಸ್ತಿ. ಇದೂ ಅಚ್ಚಿನ ತಪ್ಪಲ್ಲ.

ಮುಂದಿನ ಸಂಚಿಕೆಯಲ್ಲಿ ತಲೆಬರಹಕ್ಕೆ ತಿದ್ದುಪಡಿ ಹಾಕುತ್ತೇವೆ. 64 ಹಾಗೇ ಇರುತ್ತದೆ.

– ಸಂಪಾದಕ